ಮೊಗ್ಲಿಂಗ್ ಪಾದ್ರಿಗಳ ದಿನಚರಿಯೂ ಬಸವಪುರಾಣದ ಮುದ್ರಣವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಗುರುಚರಿತ್ರೆಯನ್ನೋ ಶಿವಾನುಭವದ ಮಾತುಗಳನ್ನೋ ಕೇಳಲು ನೆರೆದಿರುವ ಭಕ್ತರ ಮುಂದೆ ಕ್ರೈಸ್ತ ಪಾದ್ರಿಯೊಬ್ಬರ ವೃತ್ತಾಂತವನ್ನೆತ್ತುವುದು ಕೆಲವರಿಗೆ ಸೋಜಿಗವಾಗಿ ತೋರಬಹುದು. ಆದರೆ ಮುರುಗಮಲ್ಲದ ಸೀಮೆಯವರಿಗೆ ಅದು ಅಷ್ಟೇನೂ ಹೊಸತಾಗಬೇಕಾಗಿಲ್ಲ. ಮುಕ್ತೀಶ್ವರನ ದರ್ಶನಕ್ಕೆ ಹೋಗುವವರೂ ಅಮ್ಮಾಜಾನ್ ಬಾವಾಜಾನರ ದರ್ಗಾಕ್ಕೆ ಹರಕೆ ಹೊತ್ತು ಬರುವವರೂ ಒಂದೇ ದಾರಿಯಲ್ಲಿ ನಡೆಯುವ ಊರು ಇದು. ಕೈವಾರದ ತಾತಯ್ಯನವರ ಕಾಲಜ್ಞಾನವನ್ನು ಇಲ್ಲಿಯ ಎಲ್ಲ ಜಾತಿಯವರೂ ಬಾಯಿಪಾಠವಾಗಿ ಹೇಳುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಶನ್ನಿನವರು ಕಟ್ಟಿದ ಆಸ್ಪತ್ರೆಯಲ್ಲಿ ಔಷಧ ಪಡೆಯದ ಮನೆತನಗಳು ಈ ಕಡೆ ವಿರಳ. ಅನ್ಯಮತದವರ ಒಳಿತನ್ನು ಒಳಿತೆಂದು ಒಪ್ಪಿಕೊಳ್ಳುವುದೂ, ಅವರ ತಪ್ಪನ್ನು ತಪ್ಪೆಂದು ಹೇಳುವುದೂ ಈ ನಾಡಿಗೆ ತಿಳಿಯದ ವಿದ್ಯೆಯಲ್ಲ.

ಇಂದಿನ ಮಾತಿಗೆ ಕಾರಣವೊಂದುಂಟು. ಶ್ರಾವಣಮಾಸ ಬಂದಿತೆಂದರೆ ಮಠಮಠಗಳಲ್ಲಿ ಬಸವಪುರಾಣದ ಪ್ರವಚನ ನಡೆಯುತ್ತದೆ. 1369ರಲ್ಲಿ ಭೀಮಕವಿಯು ರಚಿಸಿದ ಆ ಷಟ್ಪದಿಯ ಗ್ರಂಥವು ತಲೆತಲಾಂತರದಿಂದ ಓಲೆಗರಿಗಳಲ್ಲಿ ಉಳಿದುಬಂದುದು. ಅದನ್ನು 1850ರಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದವರು ಜಂಗಮರಲ್ಲ, ಮಠಾಧಿಕಾರಿಗಳಲ್ಲ, ಲಿಂಗವಂತ ಶ್ರೀಮಂತರೂ ಅಲ್ಲ. ಲಿಂಗವಂತರ ಕೊರಳಿನ ಲಿಂಗವನ್ನು ತೆಗೆಯಿಸಿ ಅವರಿಗೆ ಸ್ನಾನದೀಕ್ಷೆ ಕೊಡಬೇಕೆಂದು ಹಡಗು ಹತ್ತಿ ಬಂದಿದ್ದ ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು. ಬಂದ ಉದ್ದೇಶವೊಂದು, ನಡೆದ ಕಾರ್ಯವೊಂದು. ಇವೆರಡರ ನಡುವೆ ಆ ಮನುಷ್ಯನ ದಿನಗಳು ಹೇಗೆ ಕಳೆದುವೆಂಬುದನ್ನು ನೋಡುವುದೇ ಈ ಉಪನ್ಯಾಸದ ವಿಷಯ.

ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ದ್ರಾಕ್ಷಿತೋಟಗಳ ನಡುವೆ ಬ್ರಾಕನ್‌ಹೈಮ್ ಎಂಬ ಊರು. ಅಲ್ಲಿ 1811ರಲ್ಲಿ ಮೊಗ್ಲಿಂಗರ ಜನನ. ಆ ಸೀಮೆಯ ಕ್ರೈಸ್ತರಲ್ಲಿ ದೇವಾಲಯದ ಆರಾಧನೆಯಿಷ್ಟರಿಂದಲೇ ತೃಪ್ತರಾಗದೆ, ಮನೆಗಳಲ್ಲಿ ಕೂಡಿ ಧರ್ಮಗ್ರಂಥವನ್ನೋದಿ ತಮ್ಮ ತಮ್ಮ ಅನುಭವವನ್ನು ಹಂಚಿಕೊಳ್ಳುವ ಒಂದು ಭಕ್ತವರ್ಗವಿತ್ತು. ಅನುಭವಗೋಷ್ಠಿಯ ಪರಂಪರೆಯುಳ್ಳ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರವನ್ನು ಓದಿ ಮುಗಿಸಿದ ಮೊಗ್ಲಿಂಗರು ತಮ್ಮ ದೇಶದಲ್ಲಿಯೇ ಒಂದು ಸಭೆಯ ಬೋಧಕರಾಗಿ ಸುಖವಾಗಿರಬಹುದಾಗಿತ್ತು. ಅದನ್ನು ಬಿಟ್ಟು, 1815ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಶನ್ನನ್ನು ಸೇರಿದರು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ಹೊಸದಾದಾಗ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಹಿಂದೂದೇಶದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ 1836ರ ಕೊನೆಯಲ್ಲಿ ಇಪ್ಪತ್ತೈದು ವರ್ಷದ ಮೊಗ್ಲಿಂಗರು ಬಂದರು.

ಸೂಯೆಜ್ ಕಾಲುವೆಯು ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಯೂರೋಪಿನಿಂದ ಬರುವ ಹಡಗು ಆಫ್ರಿಕಾಖಂಡವನ್ನೆಲ್ಲ ಸುತ್ತಿ ಬರಬೇಕಾಗಿತ್ತು. ಪಯಣಕ್ಕೆ ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ತಾಯಿಗೆ ಬರೆದ ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ಇಲ್ಲಿ ಒಂದು ಮಳೆಗಾಲವೇ ಕಳೆದುಹೋಗಿರುತ್ತಿತ್ತು. ಬಾಸೆಲಿನ ಸಮಿತಿಯ ನಿಯಮಗಳೂ ಬಿಗಿಯಾದುವು. ಪಾದ್ರಿಗೆ ಜೀವನಕ್ಕೆ ಸಾಲುವಷ್ಟು ಮಾತ್ರ ದ್ರವ್ಯ. ಸ್ವಂತ ವ್ಯಾಪಾರ ಕೂಡದು. ಮೊದಲ ಎರಡು ವರ್ಷ ವಿವಾಹದ ಮಾತೆತ್ತುವಂತಿರಲಿಲ್ಲ; ಆಮೇಲೂ ಸಮಿತಿಯ ಅಪ್ಪಣೆಯಿಲ್ಲದೆ ಮದುವೆಯಿಲ್ಲ. ಎಷ್ಟೋ ಮಂದಿ ತರುಣರು ತಾವು ಕಂಡರಿಯದ ಕನ್ಯೆಯನ್ನು ಬಂದರಿನ ಕಟ್ಟೆಯ ಮೇಲೆ ನಿಂತು ಎದುರುಗೊಂಡರು. ಹುಟ್ಟಿದ ಮಕ್ಕಳು ಓದುವ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸಬೇಕು. ಹಾಗೆ ಕಳುಹಿಸಿದ ಮಕ್ಕಳ ಮುಖವನ್ನು ತಿರುಗಿ ಕಾಣದೆಯೇ ಎಷ್ಟೋ ತಾಯಂದಿರು ಈ ಮಣ್ಣಿನಲ್ಲಿ ಮಲಗಿದರು. ಮಗನನ್ನು ಮಠಕ್ಕೆ ಮರಿಯಾಗಿ ಒಪ್ಪಿಸಿದ ತಾಯಿ ಈ ಸಭೆಯಲ್ಲಿದ್ದರೆ ಆಕೆಗೆ ಆ ಸಂಕಟದ ಅರ್ಧಭಾಗವಾದರೂ ತಿಳಿಯುತ್ತದೆ. ಆಕೆಗೆ ಜಾತ್ರೆಯ ದಿನವಾದರೂ ಮಗನ ದರ್ಶನವುಂಟು.

ತರುಣ ಪಾದ್ರಿಯ ಮೊದಲ ಕೆಲಸ ಬೋಧನೆಯಲ್ಲ, ಕಲಿಕೆ. ಬೆಳಗಿನ ತಂಪಿನಲ್ಲಿ ಎದ್ದು ತನ್ನ ನುಡಿಯಲ್ಲಿ ಪ್ರಾರ್ಥನೆ ಮಾಡಿದ ಮೇಲೆ ಮುನ್ಷಿಯ ಮುಂದೆ ಕುಳಿತುಕೊಳ್ಳುವುದು. ಈ ಮುನ್ಷಿಯ ಸ್ಥಿತಿಯೇ ವಿಚಿತ್ರ. ನಮ್ಮ ಪಾಠಶಾಲೆಗಳಲ್ಲಿ ಶಿಷ್ಯನು ನೀರು ಹೊತ್ತು, ಅಂಗಳ ಗುಡಿಸಿ ಗುರುವಿನ ಸೇವೆ ಮಾಡಿ ಅಕ್ಷರ ಪಡೆಯುತ್ತಾನೆ. ಅಲ್ಲಿಯಾದರೋ ಗುರುವೇ ಶಿಷ್ಯನಿಂದ ತಿಂಗಳ ಸಂಬಳ ಪಡೆಯುವವನು. ಶಿಷ್ಯನ ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳದವನು. ಪಾಠ ಮುಗಿಸಿ ಮನೆಗೆ ಹೋಗಿ ಮಡಿಯುಟ್ಟುಕೊಳ್ಳುವವನು. ಆದರೂ ಆ ಗುರುವಿಲ್ಲದೆ ಪಾದ್ರಿಯ ಬಾಯಿಂದ ಒಂದು ಮಾತೂ ಹೊರಡುವಂತಿರಲಿಲ್ಲ. ಕೈಗೆ ಒದಗಿದ ಗ್ರಂಥಗಳು ಕೆಲವೇ: 1817ರಲ್ಲಿ ಅಚ್ಚಾದ ಕೇರಿ ಸಾಹೇಬರ ವ್ಯಾಕರಣ, 1832ರಲ್ಲಿ ಹೊರಬಂದಿದ್ದ ರೀವ್ ಪಾದ್ರಿಗಳ ಕೋಶ, ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಗಳು ಮಾಡಿದ್ದ ಸತ್ಯವೇದದ ಕನ್ನಡ ಭಾಷಾಂತರ. ಮಹಾಪ್ರಾಣವನ್ನು ಅಲ್ಪಪ್ರಾಣದಿಂದಲೂ ಳಕಾರವನ್ನು ಲಕಾರದಿಂದಲೂ ಬೇರ್ಪಡಿಸಿ ನುಡಿಯುವುದಕ್ಕೆ ಯೂರೋಪಿನ ನಾಲಗೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇದರ ಮೇಲೆ ಇನ್ನೊಂದು ತೊಡಕು. ಮಂಗಳೂರಿನಲ್ಲಿ ಕನ್ನಡವು ಕಚೇರಿಯ ಭಾಷೆ, ಮಠದ ಐಗಳ ಭಾಷೆ. ಮನೆಯೊಳಗೆ ತುಳು ಅಥವಾ ಕೊಂಕಣಿ. ಮುನ್ಷಿಯಿಂದ ಕಲಿತ ಮಾತನ್ನು ಬೀದಿಯಲ್ಲಾಡಿದರೆ ಮೀನು ಮಾರುವ ಹೆಂಗಸಿಗೆ ಅದು ತಿಳಿಯದು. ಮನೆಯಲ್ಲಿ ತೆಲುಗು, ಮಠದಲ್ಲಿ ಕನ್ನಡ ಎಂದು ಎರಡು ನಾಲಗೆಯಲ್ಲಿ ಬೆಳೆಯುವ ಚಿಂತಾಮಣಿ ಸೀಮೆಯ ಹುಡುಗರಿಗೆ ಈ ತೊಡಕಿನ ಪರಿಚಯ ಚೆನ್ನಾಗಿಯೇ ಇದೆ. ಮೊಗ್ಲಿಂಗರಿಗೆ ಕನ್ನಡವು ಮನೆಮಾತಾಗಿ ಕೇಳಿಸಿದುದು 1837ರಲ್ಲಿ ಘಟ್ಟವನ್ನೇರಿ ಧಾರವಾಡಕ್ಕೆ ಹೋದಾಗ. ಲಿಂಗವಂತರ ಒಕ್ಕಲು, ಲಿಂಗವಂತರ ಅಂಗಡಿ, ಲಿಂಗವಂತರ ಮಠ ಇವುಗಳ ನಡುವೆ ಅವರು ನಿಂತುದು ಆಗಲೇ.

ದಿನದ ಉಳಿದ ಭಾಗವು ಹೀಗೆ: ಬಿಸಿಲೇರುವ ತನಕ ಪಾಠ, ಮಧ್ಯಾಹ್ನ ಶಾಲೆಯ ಹುಡುಗರು, ಇಳಿಹೊತ್ತಿಗೆ ಪೇಟೆಯಲ್ಲೋ ಸಂತೆಯಲ್ಲೋ ನಿಂತು ಬೋಧನೆ, ರಾತ್ರಿ ದೀಪದ ಮುಂದೆ ಸಮಿತಿಗೆ ಒಪ್ಪಿಸಬೇಕಾದ ವರದಿ. ಸಂತೆಯ ಬೋಧನೆಯೆಂದರೆ ಹುಡುಗಾಟವಲ್ಲ. ಕೆಲವರು ನಗುತ್ತಿದ್ದರು, ಕೆಲವರು ಮಣ್ಣೆರಚುತ್ತಿದ್ದರು. ಆದರೆ ಬಹು ಮಂದಿ ನಿಂತು ಕೇಳುತ್ತಿದ್ದರು. ಕೇಳಿದವರು ಒಪ್ಪಿದರೆಂದು ಪಾದ್ರಿಗಳು ತಿಳಿದುಕೊಂಡುದೇ ಅವರ ಮೊದಲ ದೊಡ್ಡ ಭ್ರಾಂತಿ. ಆ ಭ್ರಾಂತಿಯ ಕಥೆಯು ನಮಗೆ ಸಂಬಂಧಿಸಿದ್ದಾದುದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು.

ಹುಬ್ಬಳ್ಳಿ ಗದಗುಗಳ ಸುತ್ತಿನಲ್ಲಿ ವೀರಶೈವರೊಳಗೆ ಕಾಲಜ್ಞಾನದ ವಾಕ್ಯಗಳಲ್ಲಿ ಬಲವಾದ ನಂಬಿಕೆಯನ್ನಿಟ್ಟಿದ್ದ ಒಂದು ಪಂಗಡವಿತ್ತು. ಕೈವಾರದ ನೆರೆಯಲ್ಲಿರುವ ನಿಮಗೆ ಕಾಲಜ್ಞಾನವೆಂದರೇನೆಂದು ಹೇಳುವ ಅಗತ್ಯವಿಲ್ಲ: ಬರಲಿರುವ ಕೇಡನ್ನೂ ಕೇಡಿನ ಅನಂತರದ ಒಳಿತನ್ನೂ ಸಾರುವ ನುಡಿಗಳು. 1840ರ ಸುಮಾರಿನಲ್ಲಿ ಈ ಪಂಗಡದ ಗುರುಗಳು ಕೆಲವರು ಪಾದ್ರಿಗಳನ್ನು ಕಂಡು, ಪರದೇಶದಿಂದ ಬೋಧಕರು ಬರುವರೆಂದು ತಮ್ಮ ಗ್ರಂಥದಲ್ಲಿಯೇ ಹೇಳಿದೆಯೆಂದೂ ಆ ಬೋಧಕರು ನೀವೇ ಇರಬಹುದೆಂದೂ ನುಡಿದರು. ಪಾದ್ರಿಗಳ ಸಂತೋಷಕ್ಕೆ ಪಾರವಿಲ್ಲದಾಯಿತು. ಮೊಗ್ಲಿಂಗರೂ ಅವರ ಜೊತೆಯವರೂ ಹಳ್ಳಿ ಹಳ್ಳಿಗೆ ಹೋದರು. ಹೋದಲ್ಲೆಲ್ಲ ಆದರ, ಕುಳಿತುಕೊಳ್ಳಲು ಕಂಬಳಿ, ಹಾಲು ಹಣ್ಣು. ಸಾವಿರಾರು ಮಂದಿ ಒಟ್ಟಾಗಿ ಕ್ರೈಸ್ತರಾಗುವರೆಂಬ ಆಸೆಯ ವರ್ತಮಾನವು ಬಾಸೆಲಿಗೆ ಹೋಯಿತು. ಹಾಗೆ ಬರುವವರಿಗೆ ಭೂಮಿಯೂ ಬೇಸಾಯವೂ ಇರಲೆಂದು 1841ರಲ್ಲಿ ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆಯನ್ನೇ ತೆರೆದರು.

ಬರಬೇಕಾದವರು ಬರಲಿಲ್ಲ.

ಆ ಗುರುಗಳು ಕಪಟಿಗಳಾಗಿದ್ದರೆಂದು ಕೆಲವು ಪಾದ್ರಿಗಳು ಬೇಸರಗೊಂಡರು. ಈ ಮಾತು ನ್ಯಾಯವಾದುದಲ್ಲ. ಮನೆಬಾಗಿಲಿಗೆ ಬಂದ ವಿರಕ್ತನು ಯಾವ ವೇಷದವನಾದರೂ ಅವನಿಗೆ ಕಂಬಳಿ ಹಾಸಿ, ಅವನು ಹೇಳಿದ್ದನ್ನು ತಲೆಬಾಗಿ ಕೇಳಿ, ದಾಸೋಹ ನಡೆಸಿ ಕಳುಹಿಸುವುದು ನಮ್ಮ ಜನರ ಆಚಾರ. ಕೇಳಿದ ಮಾತ್ರಕ್ಕೆ ಗುರುವನ್ನು ಬದಲಾಯಿಸುವವರು ಅವರಲ್ಲ. ಆತಿಥ್ಯವನ್ನು ಶರಣಾಗತಿಯೆಂದು ಓದಿಕೊಂಡುದು ಓದಿದವರ ದೋಷ. ಆದರೆ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ಪರದೇಶದ ಪಾದ್ರಿಯ ಮುಂದೆ ಹೋಗಿ ಹೊಸ ಯುಗವನ್ನು ಕೇಳುವಷ್ಟು ಹಂಬಲವು ಆ ಬಡ ಒಕ್ಕಲಿನವರಿಗೂ ನೇಕಾರರಿಗೂ ಏತಕ್ಕೆ ಬಂದಿತು? ತಮ್ಮ ಮಠಗಳಲ್ಲಿ ಅವರ ಮಾತನ್ನು ಕೇಳುವವರು ಯಾರಿದ್ದರು? ಇದನ್ನು ಮಠದ ಸಭೆಯಲ್ಲಿ ಕೇಳದಿದ್ದರೆ ಮತ್ತೆಲ್ಲಿ ಕೇಳುವುದು?

ಮೊಗ್ಲಿಂಗರು ಸೋಲಿನಿಂದ ಸಿಡುಕಿದವರ ಪೈಕಿಯಲ್ಲ. ಜನರು ಏನನ್ನು ನಂಬಿದ್ದಾರೆಂಬುದು ತಿಳಿಯದೆ ಅವರಿಗೆ ಏನನ್ನು ಹೇಳಿಯೂ ಫಲವಿಲ್ಲವೆಂಬುದು ಅವರಿಗೆ ಮನದಟ್ಟಾಗಿದ್ದಿರಬೇಕು. ಏಕೆಂದರೆ ಮುಂದಿನ ಅವರ ಕೃಷಿಯೆಲ್ಲ ಆ ದಿಕ್ಕಿನಲ್ಲಿಯೇ ನಡೆಯಿತು. ಮಂಗಳೂರಿನಲ್ಲಿ ಹುಡುಗರನ್ನು ಜೊತೆಯಲ್ಲಿಟ್ಟುಕೊಂಡು ಶಾಲೆ ನಡೆಸುತ್ತ, ಅವರ ಬಾಯಿಂದ ಗಾದೆಗಳನ್ನು ಬರೆದುಕೊಂಡರು. ದಾಸರ ಪದಗಳನ್ನು ಸಂಗ್ರಹಿಸಿದರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪ, ದೂರದೇಶದ ಸುದ್ದಿ, ಗಾದೆ, ಕಥೆ. ಕನ್ನಡದ ಮೊದಲ ವೃತ್ತಪತ್ರಿಕೆಯೆಂಬ ಹೆಸರು ಇದಕ್ಕೆ ಸಂದಿದೆ. 1844ರಲ್ಲಿ ಮೊಳೆಯಚ್ಚಿನ ಅನುಕೂಲಕ್ಕಾಗಿ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಇದೇ ಕೈಯಿಂದಲೇ ಖಂಡನೆಯ ಹೊತ್ತಗೆಗಳೂ ಹೊರಟುವು. ಅವುಗಳಲ್ಲಿ ನಮ್ಮ ದೇವತೆಗಳನ್ನೂ ಪೂಜೆಯನ್ನೂ ಹಳಿದಿರುವ ಬಗೆಯು ಓದುವವರಿಗೆ ಈಗಲೂ ನೋವನ್ನುಂಟುಮಾಡುತ್ತದೆ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮೊದಲಾದ ಬ್ರಾಹ್ಮಣ ತರುಣರಿಗೆ ಮೊಗ್ಲಿಂಗರು ದೀಕ್ಷೆ ಕೊಟ್ಟಾಗ ಮಂಗಳೂರು ಕ್ಷೋಭೆಗೊಂಡಿತು. ಶಾಲೆಗೆಂದು ಕಳುಹಿಸಿದ ಮಗನು ಮನೆಗೆ ಬಾರದೆ ಹೋದ ದುಃಖವನ್ನು ಯಾವ ಶಾಸ್ತ್ರಾರ್ಥದಿಂದಲೂ ಕಳೆಯಲಾಗದು. ಆನಂದರಾಯರನ್ನು ಬಾಸೆಲಿಗೆ ಕರೆದುಕೊಂಡು ಹೋಗಿ ಓದಿಸಿದರು. ಅವರು ಪಾದ್ರಿಯಾಗಿಯೇ ಹಿಂದಿರುಗಿದರು. ಮೊಗ್ಲಿಂಗರನ್ನು ಹೊಗಳುವಾಗ ಈ ಪ್ರಸಂಗವನ್ನು ಬಿಟ್ಟುಬಿಡುವ ವಾಡಿಕೆಯೊಂದುಂಟು. ಬಿಟ್ಟರೆ ಅವರ ಚರಿತ್ರೆ ಅರ್ಧವಾಗುತ್ತದೆ. ಬಂದ ಉದ್ದೇಶವನ್ನು ಅವರು ಎಂದೂ ಮರೆತವರಲ್ಲ.

ಇನ್ನು ಮುದ್ರಣದ ವಿಷಯ. ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಯಂತ್ರವು ಮಂಗಳೂರಿನಲ್ಲಿ ಸ್ಥಾಪಿತವಾದುದು 1841ರಲ್ಲಿ. ಕಲ್ಲಚ್ಚೆಂದರೆ ಕಲ್ಲಿನ ಮೇಲೆ ಅಕ್ಷರ ಕೊರೆಯುವುದೆಂದು ಅನೇಕರ ಎಣಿಕೆ. ಹಾಗಲ್ಲ. ಜಿಡ್ಡಿನ ಮಸಿಯಿಂದ ಲಿಪಿಕಾರನು ಕಾಗದದ ಮೇಲೆ ಬರೆಯುತ್ತಾನೆ. ಆ ಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಒತ್ತಿ ಇಳಿಸುತ್ತಾರೆ. ಕಲ್ಲಿಗೆ ನೀರು ಸವರಿ ಮಸಿಯುರುಳೆಯನ್ನು ಹಾಯಿಸಿದರೆ, ನೀರು ಹೀರಿದ ಜಾಗವು ಮಸಿಯನ್ನು ಒಲ್ಲದು. ಜಿಡ್ಡಿನ ಅಕ್ಷರವು ಮಾತ್ರ ಮಸಿಯನ್ನು ಹಿಡಿಯುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತುವುದು. ಒತ್ತಕ್ಷರಗಳು ತುಂಬಿದ ಕನ್ನಡಕ್ಕೆ ನೂರಾರು ಮೊಳೆಗಳನ್ನು ಎರಕ ಹೊಯ್ಯಿಸುವ ವೆಚ್ಚವು ಇದರಲ್ಲಿಲ್ಲ. ಲಿಪಿಕಾರನ ಕೈಬರಹವೇ ಪ್ರತಿಯೊಂದು ಹಾಳೆಯ ಮೇಲೂ ಮೂಡುತ್ತದೆ. ಓಲೆಯ ಮೇಲೆ ಕಂಠದಿಂದ ಬರೆದು ಕಾಡಿಗೆ ಸವರುತ್ತಿದ್ದವರ ಮಕ್ಕಳೇ ಈ ಹೊಸ ವಿದ್ಯೆಗೂ ಒದಗಿದ್ದರೆ ಆಶ್ಚರ್ಯವಿಲ್ಲ.

ಮದರಾಸು ಸಂಸ್ಥಾನದಲ್ಲಿ ನ್ಯಾಯಾಧಿಕಾರಿಯಾಗಿದ್ದು ನೀಲಗಿರಿಯಲ್ಲಿ ನೆಲಸಿದ್ದ ಕಾಸಮೇಜರ್ ಎಂಬ ದೊರೆಯು ವೆಚ್ಚಕ್ಕೆ ಹಣ ಕೊಟ್ಟನು. ಮೊಗ್ಲಿಂಗರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು 1848ರಲ್ಲಿ ಆರಂಭಿಸಿದರು. ಲಕ್ಷ್ಮೀಶನ ಜೈಮಿನಿಭಾರತ, ದಾಸರ ಪದಗಳು, 1850ರಲ್ಲಿ ಬಸವಪುರಾಣ, 1851ರಲ್ಲಿ ಚೆನ್ನಬಸವಪುರಾಣ. ಓಲೆಯ ಪ್ರತಿಗಳನ್ನು ದೊರಕಿಸುವುದೇ ಒಂದು ತಪಸ್ಸು. ಒಂದು ಪ್ರತಿಯಲ್ಲಿ ಗರಿ ಲೋಪ, ಇನ್ನೊಂದರಲ್ಲಿ ಹುಳು ತಿಂದ ಸಾಲು, ಮತ್ತೊಂದರಲ್ಲಿ ಬರೆದವನ ಪ್ರಮಾದ. ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ಮಾತ್ರೆಯೆಣಿಸಿ, ಪಂಡಿತರೊಡನೆ ಕುಳಿತು ಪಾಠವನ್ನು ನಿರ್ಣಯಿಸಬೇಕು. ಲಿಂಗಪೂಜೆಯನ್ನು ಬೀದಿಯಲ್ಲಿ ನಿಂತು ಖಂಡಿಸಿದ ಮನುಷ್ಯನು ಮನೆಗೆ ಬಂದು, ಲಿಂಗದ ಮಹಿಮೆಯನ್ನು ಹೇಳುವ ಪದ್ಯದಲ್ಲಿ ಒಂದಕ್ಷರವೂ ತಪ್ಪದಂತೆ ದೀಪದ ಬೆಳಕಿನಲ್ಲಿ ತಿದ್ದುತ್ತಿದ್ದನೆಂಬುದನ್ನು ಒಂದು ಕ್ಷಣ ಭಾವಿಸಿ ನೋಡಬೇಕು. ತನ್ನ ಜೊತೆಯ ಪಾದ್ರಿಗಳಿಗೆ ಈ ಜನರ ಮನಸ್ಸು ತಿಳಿಯಲೆಂದೇ ಇದನ್ನು ಅಚ್ಚುಮಾಡಿಸಿದನೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಮನಸ್ಸನ್ನು ತಿಳಿಯಲು ಸಾರಾಂಶವೇ ಸಾಕು; ಮಾತ್ರೆ ಎಣಿಸಬೇಕಾಗಿಲ್ಲ.

ಚೆನ್ನಬಸವಪುರಾಣವು 1584ರಲ್ಲಿ ವಿರೂಪಾಕ್ಷಪಂಡಿತನು ರಚಿಸಿದುದು. ವಿಜಯನಗರವು ಹಾಳಾದ ಇಪ್ಪತ್ತು ವರ್ಷದೊಳಗೆ ಹುಟ್ಟಿದ ಆ ಕಾವ್ಯದಲ್ಲಿ ಮುಂದಾಗುವುದನ್ನು ನುಡಿಯುವ ಭಾಗವಿದೆ. ವೀರವಸಂತರಾಯನು ಬಂದು ಕಲ್ಯಾಣವನ್ನು ಮರಳಿ ಎತ್ತುವನೆಂಬ ಆಸೆಯಿದೆ. ಹುಬ್ಬಳ್ಳಿಯ ಸೀಮೆಯಲ್ಲಿ ಮೊಗ್ಲಿಂಗರು ಹತ್ತು ವರ್ಷ ಹಿಂದೆ ಅರ್ಥವಾಗದೆ ಕೇಳಿದ ಕಾಲಜ್ಞಾನದ ಬೇರು ಇಂಥ ಪುಟಗಳಲ್ಲಿತ್ತು. ಆ ಒಕ್ಕಲಿನವರು ಕಾದುದು ಯಾರನ್ನೆಂಬುದು ಈ ಪುಟಗಳ ಅಚ್ಚನ್ನು ತಿದ್ದುವಾಗ ಅವರಿಗೆ ಹೊಳೆಯದೆ ಇದ್ದೀತೆ?

ಅದೇ ಕಾಲದಲ್ಲಿ ನಮ್ಮ ಮಠಗಳ ಓಲೆಕಟ್ಟುಗಳು ಎಲ್ಲಿದ್ದುವು? ಕೆಂಪು ವಸ್ತ್ರದಲ್ಲಿ ಸುತ್ತಿ, ವಿಭೂತಿ ಹಚ್ಚಿ, ಗದ್ದುಗೆಯ ಪಕ್ಕದಲ್ಲಿ ಪೂಜೆಗೊಳ್ಳುತ್ತಿದ್ದುವು. ಪೂಜೆಯಿಂದ ಗ್ರಂಥವು ಉಳಿಯಿತೆಂಬುದು ನಿಜ. ಬಿಚ್ಚದೆ ಇಟ್ಟುದರಿಂದ ಹುಳುವಿಗೆ ಆಹಾರವಾಯಿತೆಂಬುದೂ ನಿಜ. ಪಾದ್ರಿಯ ಮಾಲೆಯಲ್ಲಿ ಷಟ್ಪದಿಯ ಪುರಾಣಗಳು ಬಂದುವು, ಶರಣರ ವಚನಗಳು ಬರಲಿಲ್ಲ. ಅವು ವಸ್ತ್ರದ ಗಂಟಿನಿಂದ ವ್ಯಾಪಕವಾಗಿ ಹೊರಬರಲು ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ 1923ರ ವರೆಗೆ ಕಾಯಬೇಕಾಯಿತು. ಎಪ್ಪತ್ತು ವರ್ಷಕ್ಕೂ ಮೇಲೆ.

ಮೊಗ್ಲಿಂಗರ ಉಳಿದ ಕಾಲವನ್ನು ಬೇಗನೆ ಹೇಳಿ ಮುಗಿಸಬಹುದು. ಕೊಡಗಿನಿಂದ ಬಂದ ಸನ್ಯಾಸಿಯೊಬ್ಬನ ಕರೆಯ ಮೇರೆಗೆ ಅವರು ಘಟ್ಟ ಹತ್ತಿ ಕೊಡಗಿನಲ್ಲಿ ನೆಲಸಿದರು. ಹಾಲೇರಿಯ ಲಿಂಗವಂತ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯನ್ನು 1857ರಲ್ಲಿ ಅಚ್ಚುಮಾಡಿಸಿದರು. ಮರುವರ್ಷ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಕನ್ನಡ ಸೇವೆಗಾಗಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ನಡುವಯಸ್ಸಿನಲ್ಲಿ ಮಕ್ಕಳಿದ್ದ ವಿಧವೆಯೊಬ್ಬರನ್ನು ಮದುವೆಯಾಗಿದ್ದರು. ಆಕೆಯ ಅನಾರೋಗ್ಯದ ದೆಸೆಯಿಂದ 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು.

ಅವರು ಹಾಕಿದ ದಾರಿಯಲ್ಲಿ ಇತರರು ನಡೆದರು. ಹುಬ್ಬಳ್ಳಿಯ ವುರ್ತ್ ಪಾದ್ರಿಗಳು ಬಸವಪುರಾಣ ಚೆನ್ನಬಸವಪುರಾಣಗಳನ್ನು 1860ರ ದಶಕದಲ್ಲಿ ಇಂಗ್ಲಿಷಿಗೆ ತಂದು ಮುಂಬಯಿಯ ಪಂಡಿತಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1853ರಲ್ಲಿ ಇಪ್ಪತ್ತೊಂದು ವರ್ಷದವರಾಗಿ ಬಂದ ಕಿಟ್ಟೆಲ್ ಪಾದ್ರಿಗಳು ಲಿಂಗವಂತರ ಏಳು ಕಥೆಗಳನ್ನು 1875ರಲ್ಲಿ ಇಂಗ್ಲಿಷಿನಲ್ಲಿ ಬರೆದರು. 1894ರಲ್ಲಿ ಅವರ ಮಹಾಕೋಶವು ಮಂಗಳೂರಿನ ಆ ಅಚ್ಚುಕೂಟದಿಂದಲೇ ಹೊರಬಂದಿತು. ಆ ಕೋಶವು ಇಂದಿಗೂ ಪಾಠಶಾಲೆಯ ಮೇಜಿನ ಮೇಲಿದೆ. ಬಿಚ್ಚಿ ನೋಡುವ ವಟುಗಳು ಅದರ ಹಿಂದೆ ಮುನ್ಷಿಗಳ, ಪಂಡಿತರ, ಹೆಸರು ಉಳಿಯದ ಲಿಪಿಕಾರರ ದುಡಿಮೆಯೂ ಇದೆಯೆಂಬುದನ್ನು ಅರಿತಿರಬೇಕು.

ಜರ್ಮನಿಗೆ ಹಿಂದಿರುಗಿದ ಮೊಗ್ಲಿಂಗರಿಗೆ ಅಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಕ್ಕುವ ಬಗೆಯಿಲ್ಲ. ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಗೆ ಕಳುಹಿಸುತ್ತಿದ್ದರು. ತಾರುಣ್ಯದಲ್ಲಿ ಕಲಿಯುವುದಕ್ಕೆ ಅಷ್ಟು ಕಷ್ಟಪಟ್ಟ ನುಡಿಯನ್ನು ಮುಪ್ಪಿನಲ್ಲಿ ಕಾಗದದ ಮೇಲೆ ಮಾತ್ರ ಆಡಿಕೊಂಡು ಬಾಳಿ, 1881ರ ಮೇ ತಿಂಗಳಲ್ಲಿ ಎಸ್ಲಿಂಗನ್ ಎಂಬ ಊರಿನಲ್ಲಿ ದೇಹವನ್ನು ಬಿಟ್ಟರು.